ಉಂಬಳಿಯಿಂದ ಪಗಾರಕ್ಕೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹಂಗಾಮಿನಲ್ಲಿ ಹೋದವರಿಗೆ ದುಡಿಮೆಗೆ ಬೆಲೆ ಕಟ್ಟುವ ಮೂರು ಬಗೆಗಳು ಒಂದೇ ಅಂಗಳದಲ್ಲಿ ಕಾಣಸಿಗುತ್ತವೆ. ದಲಾಲನಿಗೆ ಮಾರಾಟದ ಮೊತ್ತದಲ್ಲಿ ಪಾಲು. ಹಮಾಲನಿಗೆ ಚೀಲದ ಲೆಕ್ಕ. ಗುಮಾಸ್ತನಿಗೆ ತಿಂಗಳ ಪಗಾರ. ನಮ್ಮ ನಾಡಿನ ಅಧಿಕಾರಿಗಳ ಸಂಬಳದ ಇತಿಹಾಸವೂ ಹೆಚ್ಚುಕಡಿಮೆ ಇಷ್ಟೇ. ತರಗತಿಯಲ್ಲಿ ಶಾಸನವೊಂದನ್ನು ಓದಿಸುವಾಗ ಈ ಮಾತು ಹೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸರ್, ರಿಜರ್ವ್ ಬ್ಯಾಂಕಿನವರಿಗೆ ಪಗಾರ ಕೊಡೋರು ಯಾರ್ರೀ? ನೋಟು ಹೊರಡಸೋರು ಅವರ ಅಲ್ಲೇನ್ರೀ?" ಎಂದ. ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆ ನಕ್ಕು ಬಿಡುವಂಥದಾಗಿರಲಿಲ್ಲ. ಭಂಡಾರ ಕಾಯುವವನ ಅನ್ನ ಎಲ್ಲಿಂದ ಬರಬೇಕೆಂಬುದು ರಾಜ್ಯಗಳಷ್ಟೇ ಹಳೆಯ ಪ್ರಶ್ನೆ.

ಮೊದಲು ಮಾತುಗಳನ್ನೇ ನೋಡೋಣ. ಸೇವೆಗೆ ಪ್ರತಿಯಾಗಿ ದೊರೆತ ಜೀವನಾಧಾರಕ್ಕೆ ಹಳಗನ್ನಡದಲ್ಲಿ ‘ಜೀವಿತ’ವೆಂಬ ಹೆಸರಿತ್ತು. ಅದು ಸವೆದು ‘ಜೀತ’ವಾಯಿತು, ಗೌರವದ ಮಾತು ಕಾಲಕ್ರಮದಲ್ಲಿ ಎಷ್ಟು ಕೆಳಗಿಳಿಯಿತೆಂದರೆ, ಜೀತಪದ್ಧತಿಯನ್ನು ನಿಷೇಧಿಸಲು 1976ರಲ್ಲಿ ಕಾಯ್ದೆಯೇ ಬೇಕಾಯಿತು. ‘ಉಂಬಳಿ’ಯ ಬೇರು ‘ಉಣ್’ ಧಾತುವಿನಲ್ಲಿದೆ. ‘ಸಂಬಳ’ವು ಸಂಸ್ಕೃತದ ‘ಶಂಬಲ’, ಎಂದರೆ ದಾರಿಯ ಬುತ್ತಿ. ನಮ್ಮ ಕಡೆಯ ‘ಪಗಾರ’ ಮಾತ್ರ ಪೋರ್ಚುಗೀಸರಿಂದ ಮರಾಠಿಯ ಮೂಲಕ ಬಂದ ಅತಿಥಿ. ಮೊದಲಿನ ಮೂರೂ ಅನ್ನದ ಮಾತುಗಳು. ಕೊನೆಯದೊಂದೇ ಹಣದ ಮಾತು. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಣದ ಸಂಬಳವೇ ಹೊಸದೆಂದಲ್ಲ. ಕೌಟಿಲ್ಯನು ಭಂಡಾರದ ಅಧಿಕಾರಿಯಾದ ಸನ್ನಿಧಾತನಿಗೆ 24,000 ಪಣಗಳನ್ನು ಗೊತ್ತುಮಾಡಿದ್ದಾನೆ. ಅಷ್ಟು ಕೊಟ್ಟರೆ ಅಂಥವರು ಕಾರ್ಯದಕ್ಷರಾಗಿ ಉಳಿಯುತ್ತಾರೆಂಬುದು ಅವನ ಎಣಿಕೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಛಾಸಿರ, ಪಾನುಂಗಲ್ಲು ಐನೂರು ಸೀಮೆಗಳಲ್ಲಿ ಪೆರ್ಗಡೆಗಳು ಸುಂಕ ಎತ್ತುತ್ತಿದ್ದರು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳೆಂಬ ತೆರಿಗೆಗಳ ಹೆಸರು ಶಾಸನಗಳಲ್ಲಿ ಮತ್ತೆಮತ್ತೆ ಬರುತ್ತವೆ. ಲೊಕ್ಕಿಗುಂಡಿಯ ಗದ್ಯಾಣವು ಈ ನಾಡಿನಲ್ಲೆಲ್ಲ ಚಲಾವಣೆಯಲ್ಲಿದ್ದ ಹೊನ್ನು. ಆದರೂ ಹಳ್ಳಿಯ ಮಟ್ಟದಲ್ಲಿ ಸೇವೆಗೆ ಸಿಗುತ್ತಿದ್ದುದು ಹೊನ್ನಿಗಿಂತ ಮಣ್ಣೇ ಹೆಚ್ಚು.

ಆ ಮಣ್ಣಿನ ಪದ್ಧತಿ ವತನವಾಗಿ ನಮ್ಮ ಅಜ್ಜಂದಿರ ಕಾಲದವರೆಗೂ ಬಾಳಿತು. ಗೌಡ, ಕುಲಕರ್ಣಿ, ಶೇತಸನದಿ, ವಾಲೀಕಾರ ಮುಂತಾದವರು ವತನದ ಹೊಲವನ್ನು ಉಂಡು ಸರಕಾರದ ಕೆಲಸ ಮಾಡುತ್ತಿದ್ದರು. 1818ರಲ್ಲಿ ಪೇಶ್ವೆಯ ಆಳಿಕೆ ಅಳಿದು ಇಂಗ್ಲಿಷರು ಬಂದಾಗಲೂ ಅದು ಅಳಿಯಲಿಲ್ಲ. 1874ರಲ್ಲಿ ಮುಂಬಯಿ ಸರಕಾರ ಅದಕ್ಕೊಂದು ಕಾಯ್ದೆಯನ್ನೇ ಮಾಡಿತು. ವತನಕ್ಕೆ ಒಂದು ಗುಣವಿತ್ತು: ಜೋಳದ ಬೆಲೆ ಎಷ್ಟೇ ಏರಲಿ, ವತನದಾರನ ಕಣಜದ ಜೋಳ ಕಡಿಮೆಯಾಗುತ್ತಿರಲಿಲ್ಲ. ದೋಷವೂ ಅಲ್ಲಿಯೇ ಇತ್ತು. ಹೊಲದೊಡನೆ ಅಧಿಕಾರವೂ ಮಗನಿಗೆ ಇಳಿಯುತ್ತಿತ್ತು, ಅರ್ಹತೆಯನ್ನು ಕೇಳುವವರಿರಲಿಲ್ಲ. ಪರಗಣೆ ಹಾಗೂ ಕುಲಕರ್ಣಿ ವತನಗಳನ್ನು ಮುಂಬಯಿ ಸರಕಾರ 1950ರ ಕಾಯ್ದೆಯಿಂದ ತೆಗೆದುಹಾಕಿತು. ಉಳಿದ ಗ್ರಾಮ ಹುದ್ದೆಗಳು ಏಕೀಕರಣದ ಬಳಿಕ, ಮೈಸೂರು ರಾಜ್ಯದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಕೊನೆಗಂಡವು. ಅವರ ಜಾಗಕ್ಕೆ ಪಗಾರದ ನೌಕರರು ಬಂದರು.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ರಿಜರ್ವ್ ಬ್ಯಾಂಕು ಹುಟ್ಟಿದ್ದು 1935ರ ಏಪ್ರಿಲ್ 1ರಂದು. ಅದೇ ತಾರೀಖು ನಮ್ಮ ಜಿಲ್ಲೆಗೆ ಬೇರೊಂದು ಕಾರಣಕ್ಕೆ ಮರೆಯಲಾಗದ್ದು. 1943ರ ಏಪ್ರಿಲ್ 1ರಂದು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋಗಿ, ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠರೊಡನೆ ಗುಂಡಿಗೆ ಬಲಿಯಾದರು. ಆ ಹಣವನ್ನು ಕಾಯುತ್ತಿದ್ದ ಪೊಲೀಸರ ಪಗಾರವೂ ರೈತನ ಕಂದಾಯದಿಂದಲೇ ಬರುತ್ತಿತ್ತೆಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ. ಖಜಾನೆ ಯಾರದು, ಕಾವಲು ಯಾರ ಪರ ಎಂಬುದೇ ಅಂದಿನ ಪ್ರಶ್ನೆಯಾಗಿತ್ತು.

1949ರ ಜನವರಿ 1ರಂದು ರಿಜರ್ವ್ ಬ್ಯಾಂಕು ರಾಷ್ಟ್ರದ ಸ್ವತ್ತಾಯಿತು. ಅದರ ನೌಕರರ ಪಗಾರ ಸರಕಾರದ ಮುಂಗಡಪತ್ರದಿಂದ ಬರುವುದಿಲ್ಲ. ಬ್ಯಾಂಕಿನ ಸ್ವಂತ ಆದಾಯದಿಂದ ಬರುತ್ತದೆ. ಆ ಆದಾಯದ ಮುಖ್ಯ ಮೂಲ ಸರಕಾರಿ ಸಾಲಪತ್ರಗಳು ಹಾಗೂ ವಿದೇಶೀ ಆಸ್ತಿಗಳ ಮೇಲಿನ ಬಡ್ಡಿ. ಅಚ್ಚಾದ ನೋಟು ಬ್ಯಾಂಕಿಗೆ ಗಳಿಕೆಯಲ್ಲ. ಅದು ಹಿಡಿದವನಿಗೆ ಬರೆದುಕೊಟ್ಟ ಸಾಲ. ಚಲಾವಣೆಯಲ್ಲಿರುವ ನೋಟಿಗೆ ಸಮನಾದ ಆಸ್ತಿಯನ್ನು ಬ್ಯಾಂಕು ತೋರಿಸಲೇಬೇಕು. ಹೀಗಾಗಿ ಮೈಸೂರಿನ ಮುದ್ರಣಾಲಯದಲ್ಲಿ ನೋಟಿನ ರಾಶಿ ಬಿದ್ದಿದ್ದರೂ ಅದರಿಂದ ಯಾರ ಪಗಾರವೂ ಹುಟ್ಟುವುದಿಲ್ಲ. ನಿಧಿಗಳಿಗೆ, ಪಗಾರಕ್ಕೆ, ಖರ್ಚಿಗೆ ತೆಗೆದು ಉಳಿದುದೆಲ್ಲ ಕಾಯ್ದೆಯ 47ನೆಯ ಕಲಮಿನಂತೆ ಕೇಂದ್ರ ಸರಕಾರಕ್ಕೆ ಸಲ್ಲಬೇಕು. 2024-25ನೆಯ ಸಾಲಿಗೆ ಹೀಗೆ ಸಂದದ್ದು 2,68,590 ಕೋಟಿ ರೂಪಾಯಿ.

ಗವರ್ನರರ ವೇತನವನ್ನು ಕೇಂದ್ರ ಮಂಡಲಿ ಸರಕಾರದ ಒಪ್ಪಿಗೆಯಿಂದ ಗೊತ್ತುಮಾಡುತ್ತದೆ. ಒಪ್ಪಿಗೆ ಕೊಟ್ಟವರಿಗೆ ಬಾಗಲೇಬೇಕೆಂದೇನಿಲ್ಲ. ಬೆನೆಗಲ್ ರಾಮರಾಯರು 1949ರಿಂದ ಆ ಪೀಠದಲ್ಲಿದ್ದು, ಅರ್ಥಮಂತ್ರಿಗಳೊಡನೆ ಮತಭೇದ ಬಂದಾಗ 1957ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಗುಮಾಸ್ತವರ್ಗದವರದು ಬೇರೆ ಹೋರಾಟ. ಮನುಷ್ಯನ ಅಗತ್ಯಕ್ಕೆ ತಕ್ಕ ವೇತನ ಬೇಕೆಂಬ ಅವರ ಬೇಡಿಕೆಯ ಮೇಲೆ ನ್ಯಾಯಮೂರ್ತಿ ಕೆ. ಟಿ. ದೇಸಾಯಿಯವರ ನ್ಯಾಯಮಂಡಳಿ 1962ರಲ್ಲಿ ತೀರ್ಪಿತ್ತಿತು; ವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1965ರಲ್ಲಿ ಮುಗಿಯಿತು. ಇಂದು ಸಂಘದೊಡನೆ ಒಪ್ಪಂದವಾಗುತ್ತದೆ. ಬೆಲೆಯ ಸೂಚ್ಯಂಕ ಏರಿದಂತೆ ತುಟ್ಟಿಭತ್ತೆಯೂ ಏರುತ್ತದೆ. ವಿಚಾರಿಸಿ ನೋಡಿದರೆ, ವತನದೊಡನೆ ಹೋದ ಕಣಜದ ಭದ್ರತೆಯೇ ತುಟ್ಟಿಭತ್ತೆಯ ವೇಷದಲ್ಲಿ ಮರಳಿ ಬಂದಿದೆ.

ಬೆಲೆಯ ಏರಿಕೆಯನ್ನು ಶೇಕಡಾ 4ರ ಆಸುಪಾಸಿನಲ್ಲಿ ಹಿಡಿದಿಡುವ ಹೊಣೆ 2016ರಿಂದ ಈ ಬ್ಯಾಂಕಿನ ಮೇಲಿದೆ. ಅದು ಸೋತರೆ ಅದರ ನೌಕರನಿಗೆ ತುಟ್ಟಿಭತ್ತೆಯುಂಟು. ಕಾಲೇಜಿನ ಮಾಸ್ತರನಾದ ನನಗೂ ಉಂಟು. ಬ್ಯಾಡಗಿಯ ಹಮಾಲನಿಗೂ ರಾಣೆಬೆನ್ನೂರಿನ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳಿಗೂ ಇಲ್ಲ. ಅವರ ಕೈಯಲ್ಲಿರುವ ನೋಟಿನ ಬೆಲೆ ಕುಗ್ಗದಂತೆ ಕಾಯುವುದೇ ಅವರಿಗೆ ಸಲ್ಲಬೇಕಾದ ತುಟ್ಟಿಭತ್ತೆ. ಭಂಡಾರ ಕಾಯುವವನಿಗೆ ಹೊಟ್ಟೆತುಂಬ ಕೊಡಿರೆಂದು ಕೌಟಿಲ್ಯ ಹೇಳಿದ್ದು ಸರಿಯೇ. ಆದರೆ ಉಂಡ ಋಣ ಯಾರದೆಂಬುದನ್ನು ಉಂಡವನು ಮರೆಯಬಾರದು. ಹುಡುಗನಿಗೆ ಮರುದಿನ ನಾನು ಹೇಳಿದ್ದು ಇಷ್ಟೇ.