ಕಡಲಾಮೆಗಳ ಗಡ್ಡೆ ರೋಗ: ಫೈಬ್ರೊಪ್ಯಾಪಿಲೊಮಟೋಸಿಸ್‌ನ ಚರಿತ್ರೆ

ಫೈಬ್ರೊಪ್ಯಾಪಿಲೊಮಟೋಸಿಸ್ ಎಂಬುದು ಕಡಲಾಮೆಗಳಿಗೆ, ಅದರಲ್ಲೂ ಹಸಿರು ಕಡಲಾಮೆಗೆ, ವೈರಸ್ಸಿನ ನಂಟಿನಿಂದ ಬರುವ ಗಡ್ಡೆ ರೋಗ. ಕುತ್ತಿಗೆ, ಕಂಕುಳು, ಬಾಲದ ಬುಡ ಮೊದಲಾದ ಮೆತ್ತನೆಯ ಚರ್ಮದ ಮೇಲೆ ಹೂಕೋಸಿನಂಥ ಗಡ್ಡೆಗಳು ಏಳುತ್ತವೆ. ಅವು ಸಾಮಾನ್ಯವಾಗಿ ಕ್ಯಾನ್ಸರ್ ಸ್ವರೂಪದವಲ್ಲ. ಆದರೆ ಕಣ್ಣಿನ ಮೇಲೆ ಬೆಳೆದರೆ ಆಮೆಗೆ ಮೇವು ಕಾಣುವುದಿಲ್ಲ, ರೆಕ್ಕೆಗಾಲಿನ ಬುಡದಲ್ಲಿ ಬೆಳೆದರೆ ಈಜು ಸಾಗುವುದಿಲ್ಲ. ಪ್ರಾಣಿ ಹಸಿದು ಸೊರಗಿ ದಡಕ್ಕೆ ಬಂದು ಬೀಳುತ್ತದೆ. ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಗಡ್ಡೆ ಎದ್ದರೆ ಬದುಕುವ ಸಾಧ್ಯತೆ ಬಹಳ ಕಡಿಮೆ.

ರೋಗದ ಲಿಖಿತ ಚರಿತ್ರೆ ಶುರುವಾಗುವುದು 1938ರಲ್ಲಿ. ನ್ಯೂಯಾರ್ಕ್ ಅಕ್ವೇರಿಯಂನಲ್ಲಿದ್ದ ಹಸಿರು ಕಡಲಾಮೆಯ ಗಡ್ಡೆಗಳನ್ನು ಸಂಶೋಧಕರಾದ ಸ್ಮಿತ್ ಮತ್ತು ಕೋಟ್ಸ್ ಮೊದಲಿಗೆ ವಿವರಿಸಿದರು. ಫ್ಲಾರಿಡಾದ ಕೀ ವೆಸ್ಟ್‌ಗೆ ಆಗ ಮಾಂಸಕ್ಕಾಗಿ ಆಮೆಗಳನ್ನು ಹಿಡಿದು ತರುತ್ತಿದ್ದರು. ಅಲ್ಲಿ ಇವರು ಪರೀಕ್ಷಿಸಿದ 200 ಆಮೆಗಳಲ್ಲಿ ರೋಗವಿದ್ದದ್ದು ಮೂರಕ್ಕೆ ಮಾತ್ರ. ಮರುವರ್ಷ ಗಡ್ಡೆಗಳೊಳಗೆ ಚಪ್ಪಟೆ ಹುಳುವಿನ ಮೊಟ್ಟೆಗಳು ಸಿಕ್ಕಿ, ಪರೋಪಜೀವಿಯ ಮೇಲೆ ಗುಮಾನಿ ಬಿತ್ತು. ಹವಾಯಿಯಲ್ಲಿ ರೋಗ ದಾಖಲಾದದ್ದು 1958ರಲ್ಲಿ, ಕನಿಯೊಹೆ ಕೊಲ್ಲಿಯಲ್ಲಿ.

ಅಪರೂಪವೆನಿಸಿದ್ದ ಕಾಯಿಲೆ 1980ರ ದಶಕದಲ್ಲಿ ಪಿಡುಗಾಯಿತು. ಫ್ಲಾರಿಡಾದ ಇಂಡಿಯನ್ ರಿವರ್ ಹಿನ್ನೀರಿನಲ್ಲಿ ಹಿಡಿದು ನೋಡಿದ ಎಳೆಯ ಹಸಿರು ಆಮೆಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಗಡ್ಡೆಗಳಿದ್ದವು. ಅಲ್ಲಿಂದ ಹೆಚ್ಚು ದೂರವಲ್ಲದ ತೆರೆದ ಕಡಲಿನ ಆಮೆಗಳು ಬಹುಮಟ್ಟಿಗೆ ಆರೋಗ್ಯವಾಗಿಯೇ ಇದ್ದವು. ಈ ವ್ಯತ್ಯಾಸ ಮುಂದಿನ ಸಂಶೋಧನೆಗೆ ಒಂದು ಸುಳಿವಾಯಿತು.

1995ರಲ್ಲಿ ಸಂಶೋಧಕ ಹರ್ಬ್‌ಸ್ಟ್ ಮತ್ತು ಸಂಗಡಿಗರು ಗಡ್ಡೆಯನ್ನು ಅರೆದು, ಜೀವಕೋಶ, ಬ್ಯಾಕ್ಟೀರಿಯಾ ಯಾವುದೂ ಉಳಿಯದಂತೆ ಸೋಸಿ, ಆ ರಸವನ್ನು ಆರೋಗ್ಯವಂತ ಮರಿಯಾಮೆಗಳ ಚರ್ಮಕ್ಕೆ ಚುಚ್ಚಿದರು. ಕೆಲ ತಿಂಗಳಲ್ಲಿ ಅವಕ್ಕೂ ಗಡ್ಡೆಗಳು ಎದ್ದವು. ಸೋಸುಪದರದ ಸಂದಿಯಲ್ಲಿ ನುಸುಳಬಲ್ಲದ್ದು ವೈರಸ್ ಮಾತ್ರ. ಕೆಲವೇ ವರ್ಷಗಳಲ್ಲಿ ಹರ್ಪಿಸ್ ಕುಲದ ವೈರಸ್ಸಿನ ಡಿಎನ್ಎ ಗಡ್ಡೆಗಳಲ್ಲಿ ಪತ್ತೆಯಾಯಿತು. ಅದರ ಇಂದಿನ ಹೆಸರು ಕೆಲೋನಿಡ್ ಆಲ್ಫಾಹರ್ಪಿಸ್‌ವೈರಸ್ 5. ಆದರೂ ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಲು 2017ರ ತನಕ ಆಗಲಿಲ್ಲ. ಕಡೆಗೆ ಅದು ಮಣಿದದ್ದು, ಆಮೆಯ ಚರ್ಮವನ್ನೇ ಪದರಪದರವಾಗಿ ಬೆಳೆಸಿಕೊಟ್ಟಾಗ.

ತಳಿ ಅಧ್ಯಯನಗಳ ಪ್ರಕಾರ ಈ ವೈರಸ್ ಲಕ್ಷಾಂತರ ವರ್ಷಗಳಿಂದ ಆಮೆಗಳೊಂದಿಗೇ ಇದೆ. ಹಾಗಿದ್ದರೆ ಪಿಡುಗು ಇಪ್ಪತ್ತನೆಯ ಶತಮಾನದಲ್ಲೇ ಏಕೆ ಎದ್ದಿತು? ಗಡ್ಡೆಗಳು ಹೆಚ್ಚಾಗಿ ಕಾಣುವುದು ಮನುಷ್ಯವಸತಿಗೆ ಒತ್ತಿಕೊಂಡ, ಚರಂಡಿ ನೀರು, ಗೊಬ್ಬರದ ಕೊಚ್ಚೆ ಸೇರುವ ಕೊಲ್ಲಿ, ಹಿನ್ನೀರುಗಳಲ್ಲಿ. ಹವಾಯಿಯಲ್ಲಿ ಸಾರಜನಕ ಹೆಚ್ಚಿದ ನೀರಿನ ಪಾಚಿಯನ್ನು ಮೇಯುವುದಕ್ಕೂ ರೋಗಕ್ಕೂ ಸಂಬಂಧ ಕಲ್ಪಿಸುವ ವಾದ 2010ರಲ್ಲಿ ಬಂತು. ಅದಕ್ಕೆ ಗಟ್ಟಿ ಆಕ್ಷೇಪಗಳೂ ಬಂದವು. ರೋಗ ಹರಡುವಲ್ಲಿ ಕಡಲ ಜಿಗಣೆಯ ಪಾತ್ರವಿರಬಹುದೆಂಬ ಶಂಕೆಯೂ ಇದೆ. ವೈರಸ್ಸೊಂದನ್ನೇ ಹೊಣೆ ಮಾಡಿದರೆ ಈ ರೋಗದ ಭೂಪಟ ಅರ್ಥವಾಗುವುದಿಲ್ಲ ಎಂಬುದಂತೂ ಸ್ಪಷ್ಟ.

ಹವಾಯಿಯಲ್ಲಿ ರೋಗ 1990ರ ದಶಕದ ನಡುವೆ ತುದಿ ಮುಟ್ಟಿ ಇಳಿಯಿತು. 1978ರಿಂದ ಕಾನೂನಿನ ರಕ್ಷಣೆ ಪಡೆದ ಅಲ್ಲಿನ ಹಸಿರು ಆಮೆಗಳು ರೋಗದ ಕಾಲದಲ್ಲೂ ಸಂಖ್ಯೆಯಲ್ಲಿ ಹೆಚ್ಚುತ್ತಲೇ ಹೋದವು. ಬೇಟೆ ನಿಂತದ್ದರ ಬೆಲೆ ಇದರಿಂದ ತಿಳಿಯುತ್ತದೆ.

ಲಸಿಕೆ ಬಳಕೆಗೆ ಬಂದಿಲ್ಲ. ಇರುವ ಮುಖ್ಯ ಚಿಕಿತ್ಸೆ ಲೇಸರ್ ಶಸ್ತ್ರಕ್ರಿಯೆ. ಫ್ಲಾರಿಡಾದ ಮ್ಯಾರಥಾನ್‌ನಲ್ಲಿ 1986ರಲ್ಲಿ ಆರಂಭವಾದ ಟರ್ಟಲ್ ಹಾಸ್ಪಿಟಲ್ ಈ ಕೆಲಸಕ್ಕೆ ಹೆಸರಾಗಿದೆ. ಕೊಯ್ದ ಗಡ್ಡೆ ಮತ್ತೆ ಬೆಳೆಯುವುದುಂಟು. ಕಣ್ಣಿನ ಗಡ್ಡೆಗಳಿಗೆ ಮನುಷ್ಯರ ಕ್ಯಾನ್ಸರ್ ಔಷಧ ಫ್ಲೋರೊಯುರಾಸಿಲ್ ಹಚ್ಚಿದಾಗ ಮರುಬೆಳವಣಿಗೆ ಕಡಿಮೆಯಾದದ್ದು 2018ರಲ್ಲಿ ವರದಿಯಾಯಿತು.

ಕರ್ನಾಟಕದ ಕರಾವಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಆಮೆಗಳಿಗೂ ಈ ರೋಗ ತಗಲಬಲ್ಲದು. ಕೋಸ್ಟರಿಕಾದಲ್ಲಿ ಇದೇ ಜಾತಿಯ ಆಮೆಗಳಲ್ಲಿ ಅದು ದಾಖಲಾಗಿದೆ. ಗಡ್ಡೆಯಿರುವ ಆಮೆ ದಡದಲ್ಲಿ ಕಂಡರೆ ಮುಟ್ಟದೆ, ನೀರಿಗೆ ತಳ್ಳದೆ, ಅರಣ್ಯ ಇಲಾಖೆಗೆ ತಿಳಿಸಬೇಕು.