ಬೇಕೆಂದೇ ಬಿಟ್ಟ ಹಕ್ಕಲು

ಶೇಂಗಾ ಕಿತ್ತು ಮುಗಿದ ಹೊಲಕ್ಕೆ ಹಕ್ಕಲಾಯಲು ಹೋಗುವುದು ಚಳ್ಳಕೆರೆಯ ನನ್ನ ಬಾಲ್ಯದ ದೊಡ್ಡ ಸಂಭ್ರಮ. ಬಳ್ಳಿ ಕಿತ್ತು, ಕಾಯಿ ಬಿಡಿಸಿ, ಚೀಲ ತುಂಬಿ ಗಾಡಿಗೆ ಹೇರಿದ ಮೇಲೂ ಮಣ್ಣಿನೊಳಗೆ ಅಷ್ಟಿಷ್ಟು ಕಾಯಿ ಉಳಿದಿರುತ್ತಿದ್ದವು. ಮೊನಚು ಕಡ್ಡಿಯಿಂದ ಕೆದಕಿ, ಆಯ್ದು, ಉಡಿಗೆ ಹಾಕಿಕೊಳ್ಳುವುದು. ಹೊಲದವರು ಬೈಯುತ್ತಿರಲಿಲ್ಲ. ಹಕ್ಕಲು ಇಲ್ಲದವರ ಪಾಲು ಎಂಬುದು ಯಾರೂ ಬರೆದಿಡದ ಕಾನೂನು.

ನನ್ನ ಅಜ್ಜಿ ಸೊಂಟ ಬಗ್ಗಿಸಿ ಆಯುತ್ತಲೇ ಒಂದು ಕಥೆ ಹೇಳುತ್ತಿದ್ದಳು. ಗಂಡ ಸತ್ತ ಸೊಸೆಯೊಬ್ಬಳು, ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ಅತ್ತೆಯನ್ನು ಸಾಕಲು ಪರರ ಹೊಲದಲ್ಲಿ ಹಕ್ಕಲಾಯ್ದ ಕಥೆ. ಸೊಸೆಯ ಹೆಸರು ರೂತ್, ಅತ್ತೆಯ ಹೆಸರು ನೊವೊಮಿ. ಅದು ಬೈಬಲ್ಲಿನ ಕಥೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ಅದು ಪರಶುರಾಂಪುರದ ಕಡೆಯ ಯಾವುದೋ ಹೊಲದಲ್ಲಿ ನಡೆದದ್ದೆಂದೇ ನಂಬಿದ್ದೆ.

ನನಗೆ ಒಂಬತ್ತು ವರ್ಷವಿದ್ದಾಗ ಬಾವಿಕಟ್ಟೆಯ ಬಳಿ ನಮ್ಮ ಬೀದಿಯ ಹೆಂಗಸೊಬ್ಬಳು, ಕೊಡದ ಸರದಿಯ ಜಗಳದಲ್ಲಿ, "ಹೋಗೇ, ಗಂಜಿಗೋಸ್ಕರ ಜಾತಿ ಬಿಟ್ಟೋರು ನೀವು" ಎಂದುಬಿಟ್ಟಳು. ಅಳುತ್ತ ಮನೆಗೆ ಓಡಿ ಬಂದೆ. ಅಜ್ಜಿ ಸಿಟ್ಟಾಗಲಿಲ್ಲ. "ಆಕೆ ಹೇಳಿದ್ದು ಸುಳ್ಳೇನಲ್ಲ ಕಣವ್ವ. ಗಂಜಿಯಿಂದ್ಲೇ ಶುರುವಾಗಿದ್ದು" ಎಂದಳು. ಆ ಸಂಜೆ ಅವಳು ತನ್ನ ತಾಯಿಯ ಕಥೆ ಹೇಳಿದಳು. ಆ ಕಥೆಯ ಹಿಂದಿದ್ದ ಚರಿತ್ರೆಯನ್ನು ನಾನು ಓದಿ ತಿಳಿದುಕೊಂಡದ್ದು ದೊಡ್ಡವಳಾದ ಮೇಲೆ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಮೆ ಮಳೆ ಕಾಣುವ ಸೀಮೆ. ಇಲ್ಲಿಯವರಿಗೆ ಬರ ಹೊಸದಲ್ಲ. ಆದರೆ ಧಾತು ಮತ್ತು ಈಶ್ವರ ಸಂವತ್ಸರಗಳ ಬರವನ್ನು ಮಾತ್ರ ಹಿರಿಯರು ಹೆಸರು ಹಿಡಿದು ನೆನೆಯುತ್ತಿದ್ದರು. 1875ರಲ್ಲಿ ಮಳೆ ಅರೆಬರೆಯಾಯಿತು. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. 1877ರ ಮುಂಗಾರೂ ಹುಸಿಯಾಯಿತು. ಚಿತ್ರದುರ್ಗದ ಸೀಮೆಗೆ ಆಗ ರೈಲು ಬಂದಿರಲಿಲ್ಲ. ಧಾನ್ಯ ಬರಬೇಕಾದರೆ ಎತ್ತಿನ ಗಾಡಿಯಲ್ಲೇ ಬರಬೇಕು. ಮೇವು, ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ನಂತರ, 1881ರಲ್ಲಿ, ಅದು 41,86,188. ಬೆಳೆಯಬೇಕಾದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಮೀರಿ ಇಳಿದುಹೋಗಿತ್ತು.

ಮೊಳಕಾಲ್ಮೂರು ದಾಟಿದರೆ ಸಿಗುವ ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿನ ಸ್ಥಿತಿಯೂ ಇದೇ. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಮದರಾಸು ಪ್ರಾಂತ್ಯದ ಬರಗಾಲದ ಕೂಲಿಯನ್ನು ಇಳಿಸಿದ. ದಿನವಿಡೀ ಕಲ್ಲು ಮಣ್ಣು ಹೊತ್ತವನಿಗೆ ಒಂದು ಪೌಂಡಿನ ಲೆಕ್ಕದ ಧಾನ್ಯ, ಜೊತೆಗೆ ಸ್ವಲ್ಪ ಚಿಲ್ಲರೆ. ಒಂದು ಪೌಂಡು ಎಂದರೆ ಅರ್ಧ ಕಿಲೋಗೂ ಕಡಮೆ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದು ಸಾಲದೆಂದು ಹಟ ಹಿಡಿದು ಬರೆದ ಮೇಲೆ, ಕೆಲವು ತಿಂಗಳ ನಂತರ ಕೂಲಿ ಏರಿತು. ಅಳೆದು ಹಾಕುವ ಕೈ ಸ್ವಲ್ಪ ಬಿಗಿಯಾದರೆ ಎಷ್ಟು ಒಲೆ ಆರುತ್ತವೆ ಎಂಬುದನ್ನು ಅಡುಗೆಮನೆ ಬಲ್ಲ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಬರ ಬಿಟ್ಟುಹೋದದ್ದು ಹೆತ್ತವರಿಲ್ಲದ ಮಕ್ಕಳನ್ನು. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯ ನಡೆಸಿದರು. ಕ್ಯಾಥೊಲಿಕ್ ಪಾದ್ರಿಗಳು ಇಂಥ ಮಕ್ಕಳಿಗಾಗಿ ಬೆಂಗಳೂರಿನ ಹತ್ತಿರ ಶಿಲುವೆಪುರವೆಂಬ ಊರನ್ನೇ ಕಟ್ಟಿಸಿದರು. ಗಂಜಿ ಹಾಕಿದವರು ಇವರಷ್ಟೇ ಅಲ್ಲ. ಸರ್ಕಾರದ ಗಂಜಿಮನೆಗಳಿದ್ದವು, ಲಂಡನ್ನಿನಲ್ಲಿ ಎತ್ತಿದ ಚಂದಾ ಹಣ ಬಂದಿತ್ತು. ಆದರೆ ಬರ ಮುಗಿದ ಮೇಲೆ ಗಂಜಿಮನೆ ಮುಚ್ಚುತ್ತದೆ. ಮನೆಯಿಲ್ಲದ ಮಗು ಆಮೇಲೆ ಎಲ್ಲಿಗೆ ಹೋಗಬೇಕು?

ಹಾಸನಕ್ಕೆ ಹೋದ ಅಂಥ ಮಕ್ಕಳಲ್ಲಿ ನನ್ನ ಅಜ್ಜಿಯ ತಾಯಿಯೂ ಒಬ್ಬಳು. ಆಗ ಅವಳಿಗೆ ಐದೋ ಆರೋ ವರ್ಷ. ತನ್ನ ಊರಿನ ಹೆಸರು ಹೇಳಲು ಅವಳಿಗೆ ಬರಲಿಲ್ಲವಂತೆ. ನೆನಪಿದ್ದದ್ದು ಮನೆ ಮುಂದಿನ ಬೇವಿನ ಮರ, ಕಂಬಳಿ ಹೊದ್ದು ಮಲಗಿದ್ದ ತಂದೆ, ಅವನು ಏಳದೇ ಇದ್ದದ್ದು. ಅವಳ ಹೊಸ ಹೆಸರು, ಓದು, ಹೊಲಿಗೆ, ಮದುವೆ ಎಲ್ಲ ಮಿಷನ್ನಿನವರು ಮಾಡಿದ್ದು. ಮುಂದೆ ಅವಳ ಮಗಳು, ನನ್ನ ಅಜ್ಜಿ, ಮೊಳಕಾಲ್ಮೂರಿನಲ್ಲಿ ಮೇಷ್ಟರಾಗಿದ್ದವರ ಕೈಹಿಡಿದು ಮತ್ತೆ ಈ ಕಡೆಗೇ ಬಂದಳು. ಬೇವಿನ ಮರ ಕಂಡಲ್ಲೆಲ್ಲ ನಿಂತು ನೋಡುವ ಅಭ್ಯಾಸ ಅವಳಿಗೆ ತಾಯಿಯಿಂದ ಬಂದಿತ್ತು.

ಹಸಿದವರಿಗೆ ಅನ್ನ ಕೊಟ್ಟು ಮತ ಕೊಟ್ಟರು ಎಂಬ ಮಾತನ್ನು ನಾನು ತಳ್ಳಿಹಾಕಲಾರೆ. ತನ್ನ ಹೆಸರನ್ನೇ ಕಳೆದುಕೊಂಡ ಆರು ವರ್ಷದ ಹುಡುಗಿಯನ್ನು ಯಾರೂ ಏನನ್ನೂ ಕೇಳಲಿಲ್ಲ. ಉಳಿಸಿದವರ ಋಣವೂ ದೊಡ್ಡದು, ಕಳೆದುಹೋದದ್ದೂ ದೊಡ್ಡದು. ಇದನ್ನು ಕೇಳಿದಾಗ ಅಜ್ಜಿ ಹೇಳಿದ್ದು ಇಷ್ಟೇ: "ಗಂಜಿ ಒಂದು ವರ್ಷಕ್ಕಾಯ್ತು. ಆಮೇಲೆ ಐವತ್ತು ವರ್ಷ ನಮ್ಮವ್ವ ಯಾವ ಗಂಜಿಗೆ ಮೊಣಕಾಲೂರಿದ್ಲು? ಎರಡು ಮಕ್ಕಳನ್ನ ಮಣ್ಣಿಗಿಟ್ಟಾಗ ಯಾರು ಗಂಜಿ ತಂದಿದ್ರು?" ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕನ್ನಡ ಬೈಬಲ್ಲಿನಲ್ಲಿ ನಂಬಿಕೆ, ಪ್ರೀತಿ ಇವೆರಡರ ಜೊತೆಗೆ ಬರುವ ಮೂರನೆಯ ಮಾತು 'ನಿರೀಕ್ಷೆ'. ಬೇರೆಯವರು 'ಭರವಸೆ' ಎನ್ನುವಲ್ಲಿ ನಾವು ನಿರೀಕ್ಷೆ ಎನ್ನುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲ 'ನೋಡುವುದು' ಎಂದೇ. ದಾರಿ ನೋಡುವುದು, ಮುಗಿಲು ನೋಡುವುದು. ಬೈಬಲ್ಲನ್ನು ಮೊದಲು ಕನ್ನಡಕ್ಕೆ ತರುವ ಕೆಲಸ ನಡೆದದ್ದು ನಮಗೆ ತೀರ ದೂರವಲ್ಲದ ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡ ಕಲಿತ. ಅವನೂ ಅವನ ಜೊತೆಗಾರ ವಿಲಿಯಂ ರೀವ್ ಮೊದಲಾದವರೂ ದುಡಿದು, ಸುಮಾರು ಇಪ್ಪತ್ತು ವರ್ಷದ ನಂತರ ಇಡೀ ಬೈಬಲ್ ಕನ್ನಡದಲ್ಲಿ ಬಂತು. ದೂರದ ಮಾತು ಈ ಸೀಮೆಗೆ ಬಂದದ್ದು ಅದೇ ಮೊದಲೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆತಾಯಿಯರ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ ಎಂಬ ಅರ್ಥದ ಆ ಪ್ರಾಕೃತದ ಮಾತನ್ನು ಕೆತ್ತಿದ ಚಪಡ ತನ್ನ ಹೆಸರಿನ ಜೊತೆಯ ಮಾತನ್ನು ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಂದ ಬಂದ ಮಾತಾದರೂ ಈ ಒಣನೆಲದಲ್ಲಿ ಬೇರು ಬಿಟ್ಟರೆ ಅದು ನಮ್ಮದೇ.

ರೂತಳ ಕಥೆ ಶುರುವಾಗುವುದೂ ಬರದಿಂದಲೇ. ಬೇತ್ಲೆಹೇಮ್ ಎಂದರೆ 'ರೊಟ್ಟಿಯ ಮನೆ' ಎಂದರ್ಥ. ಅಂಥ ಊರಿನಲ್ಲೇ ರೊಟ್ಟಿಯಿಲ್ಲದೆ ನೊವೊಮಿಯ ಸಂಸಾರ ಗುಳೆ ಹೋಗುತ್ತದೆ. ಬರಿಗೈಯಲ್ಲಿ ಮರಳಿದ ನೊವೊಮಿ ಯಾವ ಸಮಾಧಾನದ ಮಾತನ್ನೂ ಆಡುವುದಿಲ್ಲ. ದೇವರು ತನ್ನ ಬಾಳನ್ನು ಕಹಿ ಮಾಡಿದನೆಂದು ಬೀದಿಯಲ್ಲೇ ಹೇಳುತ್ತಾಳೆ. ದೇವರ ಮೇಲೆ ದೂರು ಹೇಳುವ ಹೆಣ್ಣಿಗೂ ಆ ಗ್ರಂಥದಲ್ಲಿ ಜಾಗವಿದೆ. ಸೊಸೆ ಹಕ್ಕಲಾಯಲು ಹೋಗುತ್ತಾಳೆ. ಹೊಲದ ಧಣಿ ಬೋವಜ ತನ್ನ ಆಳುಗಳಿಗೆ, ಅವಳಿಗೋಸ್ಕರ ಕಟ್ಟಿನಿಂದ ಒಂದಿಷ್ಟು ತೆನೆಯನ್ನು ಬೇಕೆಂದೇ ಕೆಳಗೆ ಬಿಡಿ, ಗದರಿಸಬೇಡಿ ಎಂದು ಹೇಳುತ್ತಾನೆ. ಈ ಮಾತು ಬಂದಾಗ ಅಜ್ಜಿ ಆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಅದೇಕೆಂದು ನನಗೆ ಅರ್ಥವಾದದ್ದು 1986ರಲ್ಲಿ.

ಆಗಲೂ ಬರ. ಎರಡು ವರ್ಷದಿಂದ ಮಳೆಯಿಲ್ಲ. ಶೇಂಗಾ ಇಲ್ಲದೆ ಎಣ್ಣೆ ಮಿಲ್ಲುಗಳ ಸದ್ದು ಅಡಗಿತ್ತು. ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರು ಕೆಲಸ ಕಳೆದುಕೊಂಡು, ಕಾಯಿಲೆ ಬಿದ್ದು, ಆಷಾಢದಲ್ಲಿ ತೀರಿಕೊಂಡರು. ಎರಡು ಮಕ್ಕಳು, ಬಾಡಿಗೆ ಮನೆ. ಸಮಾಧಾನ ಹೇಳಲು ಬಂದವರು ಬೈಬಲ್ಲಿನ ವಚನ ಹೇಳಿದರು, ಒಂದೂ ಒಳಗಿಳಿಯಲಿಲ್ಲ. ಪ್ರಾರ್ಥನೆಗೆ ಕೂತರೆ ನೊವೊಮಿಯ ಹಾಗೆ ದೂರೇ ಬರುತ್ತಿತ್ತು.

ಒಂದು ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಹತ್ತಿರ ಮೊರದಲ್ಲಿ ರಾಗಿ, ಮೇಲೊಂದು ಹಿಡಿ ಶೇಂಗಾ. ಮುಂದಿನ ವಾರವೂ ಹಾಗೆಯೇ. ಮೂರನೆಯ ವಾರ ಕತ್ತಲಿರುವಾಗಲೇ ಎದ್ದು ಕಾದೆ. ಮೊರ ಇಡುತ್ತಿದ್ದವಳು ಬಾವಿಕಟ್ಟೆಯಲ್ಲಿ ನನ್ನನ್ನು ಜರೆದ ಅದೇ ಹೆಂಗಸು. ಈಗ ಮುದುಕಿ. ಸಿಕ್ಕಿಬಿದ್ದವಳಂತೆ ಸೆರಗು ಎಳೆದುಕೊಂಡು, "ಮಕ್ಕಳಿಗೆ ಮಾಡಿಕೊಡವ್ವ. ಮೊರ ವಾಪಸು ಕೊಡು, ನನ್ನ ಸೊಸೆ ಕೇಳ್ತಾಳೆ" ಎಂದು ಹೊರಟೇಹೋದಳು. ಹಳೆಯ ಮಾತು ಅವಳಿಗೆ ನೆನಪಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಅವಳು ನನ್ನ ಸಭೆಯವಳಲ್ಲ; ಅವಳ ದೇವರು ಗೌರಸಮುದ್ರದ ಮಾರಮ್ಮ. ಅಂದು ಒಲೆ ಹಚ್ಚಿ ಅಂಬಲಿ ಕಾಯಿಸುತ್ತ, ಎಷ್ಟೋ ತಿಂಗಳ ಮೇಲೆ ನನಗೆ ಪ್ರಾರ್ಥನೆ ಬಂತು.

ಆಮೇಲೆ ನಾನು ಹೊಲಿಗೆ ಕಲಿಸಿ ಮಕ್ಕಳನ್ನು ಓದಿಸಿದೆ. ಕಷ್ಟದಲ್ಲಿರುವವರ ಮನೆಗೆ ಹೋದಾಗ ಈಗಲೂ ನಾನು ವಚನವನ್ನು ಮೊದಲು ಹೇಳುವುದಿಲ್ಲ. ನಿರೀಕ್ಷೆ ಎಂದರೆ ಬರಿದೇ ಮುಗಿಲು ನೋಡುತ್ತ ಕೂರುವುದಲ್ಲ, ಬಗ್ಗಿ ಆಯುವುದು ಎಂದು ಅಜ್ಜಿ ಕಲಿಸಿದ್ದಳು. ಆದರೆ ಆಯುವವಳಿಗೆ ಸಿಗಬೇಕಾದರೆ ಯಾರಾದರೊಬ್ಬರು ಬೇಕೆಂದೇ ಬಿಟ್ಟಿರಬೇಕು. ಅದನ್ನು ಕಲಿಸಿದವಳು ಆ ಮುದುಕಿ.

ಧಾತು, ಈಶ್ವರದ ನಂತರದ ಸಂವತ್ಸರದ ಹೆಸರು ಬಹುಧಾನ್ಯ. ಬದುಕಿ ಉಳಿದವರು ಯುಗಾದಿಯ ದಿನ ಆ ಹೆಸರನ್ನು ಕೇಳಿದಾಗ ನಕ್ಕರೋ ಅತ್ತರೋ. ಹಾಸನದಲ್ಲಿ ಊರು ಮರೆತ ಆ ಹುಡುಗಿಯ ತಟ್ಟೆಗೆ ಅಂದು ಯಾರೋ ಇನ್ನೊಂದು ಸೌಟು ಹೆಚ್ಚು ಬಡಿಸಿರಲಿ ಎಂದು ನಾನು ಈಗಲೂ ಆಸೆಪಡುತ್ತೇನೆ.