ಪ್ಲಾಜಾ ದೆ ಮಾಯೊ

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಪ್ರಧಾನ ಚೌಕ. 1580ರಲ್ಲಿ ಹ್ವಾನ್ ದೆ ಗರಾಯ್ ನಗರವನ್ನು ಎರಡನೆಯ ಬಾರಿ ಸ್ಥಾಪಿಸಿದಾಗ ಗುರುತಿಸಿದ ಬಯಲಿನಿಂದ ಇದು ಬೆಳೆಯಿತು. ಸ್ಪೇನಿನ ವಸಾಹತು ನಗರಗಳ ಪದ್ಧತಿಯಂತೆ ಇದರ ಅಂಚುಗಳಲ್ಲಿ ಕೋಟೆ, ಪ್ರಧಾನ ಚರ್ಚು ಮತ್ತು ಕಾಬಿಲ್ದೊ ಎಂಬ ಪುರಸಭೆ ನೆಲೆಯೂರಿದವು. ಕೋಟೆಯಿದ್ದ ಜಾಗದಲ್ಲಿ ಈಗ ಅಧ್ಯಕ್ಷರ ಕಚೇರಿ ಕಾಸಾ ರೊಸಾದಾ ಇದೆ. ಆಳುವವರ ಘನತೆಯನ್ನು ಮೆರೆಸಲು ಬಿಟ್ಟ ಬಯಲು, ಆಳುವವರಿಂದ ಉತ್ತರ ಕೇಳುವ ತಾಣವಾಗಿ ಮಾರ್ಪಟ್ಟದ್ದೇ ಇದರ ನಾಗರಿಕ ಮಹತ್ವ.

ಈ ಮಾರ್ಪಾಡು ಒಮ್ಮೆಲೇ ಆದದ್ದಲ್ಲ. 1810ರ ಮೇ 25ರಂದು ಜನ ಕಾಬಿಲ್ದೊ ಎದುರು ನೆರೆದಿದ್ದಾಗ, ಸ್ಪೇನಿನ ವೈಸ್‌ರಾಯ್ ಸಿಸ್ನೆರೋಸ್‌ನ ಅಧಿಕಾರ ಕೊನೆಗೊಂಡು ಸ್ಥಳೀಯರ ಆಡಳಿತ ಮಂಡಳಿ ರಚನೆಯಾಯಿತು. ಚೌಕದ ಹೆಸರು ಆ ತಿಂಗಳದ್ದು. ಆ ಘಟನೆಯ ಸ್ಮಾರಕವಾದ ಪಿರಮಿಡ್ 1811ರಲ್ಲಿ ಎದ್ದಿತು. ಚೌಕವನ್ನು ಎರಡಾಗಿ ಸೀಳಿದ್ದ ಅಂಗಡಿಸಾಲನ್ನು 1884ರಲ್ಲಿ ಕೆಡವಿದ ಮೇಲೆ ಇಡೀ ಬಯಲು ಒಂದಾಯಿತು. 1945ರ ಅಕ್ಟೋಬರ್ 17ರಂದು ಕಾರ್ಮಿಕರು ತಮ್ಮ ಬಂಧಿತ ನಾಯಕ ಪೆರೋನ್‌ನ ಬಿಡುಗಡೆಗಾಗಿ ಇಲ್ಲಿಗೆ ಹರಿದುಬಂದರು. 1955ರ ಜೂನ್ 16ರಂದು ಆಗ ಅಧ್ಯಕ್ಷನಾಗಿದ್ದ ಆತನ ವಿರುದ್ಧ ಬಂಡೆದ್ದ ನೌಕಾಪಡೆಯ ವಿಮಾನಗಳು ಚೌಕದ ಮೇಲೆಯೇ ಬಾಂಬು ಸುರಿದವು. 300ಕ್ಕೂ ಹೆಚ್ಚು ಜನ ಸತ್ತರು.

ನೆರೆದ ಗುಂಪೆಲ್ಲ ಪ್ರಜಾಸತ್ತೆಯ ದನಿಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. 1982ರ ಏಪ್ರಿಲ್‌ನಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಮೇಲಿನ ಆಕ್ರಮಣದ ಬೆನ್ನಿಗೆ ಸರ್ವಾಧಿಕಾರಿ ಗಾಲ್ತಿಯೇರಿಗೆ ಇಲ್ಲಿಯೇ ಜಯಕಾರ ಸಿಕ್ಕಿತು. ಆದ್ದರಿಂದ ಚೌಕದ ಬೆಲೆಯನ್ನು ತಲೆಯೆಣಿಕೆಯಿಂದ ಅಳೆಯಲಾಗದು. ಅದೇ ಸೇನಾಡಳಿತದಲ್ಲಿ, 1977ರ ಏಪ್ರಿಲ್ 30ರಂದು, ಆ ಆಡಳಿತ ಅಪಹರಿಸಿ ಕಾಣೆಯಾಗಿಸಿದ ಮಕ್ಕಳನ್ನು ಹುಡುಕುತ್ತಿದ್ದ 14 ತಾಯಂದಿರು ಇಲ್ಲಿ ಸೇರಿದರು. ಗುಂಪುಗೂಡುವುದಕ್ಕೆ ನಿಷೇಧವಿತ್ತು, ನಿಲ್ಲಬಾರದೆಂದು ಪೊಲೀಸರು ಹೇಳಿದಾಗ ಅವರು ನಡೆಯತೊಡಗಿದರು. ಗುರುವಾರಗಳಂದು ತಲೆಗೆ ಬಿಳಿವಸ್ತ್ರ ಕಟ್ಟಿ ಪಿರಮಿಡ್ಡನ್ನು ಸುತ್ತುವ ರೂಢಿ ಹೀಗೆ ಬೇರೂರಿತು. ಅವರ ಮುಂದಾಳು ಅಸುಸೇನಾ ವಿಯಾಫ್ಲೋರ್‌ರನ್ನು ಆ ಡಿಸೆಂಬರ್‌ನಲ್ಲಿ ಅಪಹರಿಸಿ ಕೊಲ್ಲಲಾಯಿತು. ನಡಿಗೆ ಮಾತ್ರ ನಿಲ್ಲಲಿಲ್ಲ.

ಬಯಲೇ ಸರ್ಕಾರಗಳನ್ನು ಉರುಳಿಸದು ಎಂಬುದೂ ನಿಜ. ಸೇನಾಡಳಿತ ಕುಸಿಯಲು ಫಾಕ್‌ಲ್ಯಾಂಡ್ ಯುದ್ಧದ ಸೋಲು, 2001ರ ಡಿಸೆಂಬರ್ 20ರಂದು ಇಲ್ಲಿನ ಪ್ರತಿಭಟನೆಯ ನಡುವೆ ಅಧ್ಯಕ್ಷ ದೆ ಲಾ ರುವಾ ಕೊಟ್ಟ ರಾಜೀನಾಮೆಗೆ ಆರ್ಥಿಕ ಕುಸಿತ ದೊಡ್ಡ ಕಾರಣಗಳು. ಆದರೆ ಅಡಗಿಸಿಟ್ಟ ನೋವನ್ನು ಅಧಿಕಾರದ ಕಿಟಕಿಯೆದುರೇ ತಂದಿಡುವ ಅವಕಾಶ ಈ ಬಯಲಿನದು. ಜಯಕಾರದ ದಿನಗಳಿಗಿಂತ, ಕೆಲವೇ ಜನ ಕಷ್ಟದ ಪ್ರಶ್ನೆ ಹೊತ್ತು ಬರುವ ದಿನಗಳಲ್ಲಿ ಅದನ್ನು ತೆರೆದಿಡುವುದೇ ಪ್ರಜಾಪ್ರಭುತ್ವದ ಕರ್ತವ್ಯ.